ಲಾಭ, ಎರಡು, ಮೂರು

ಮಂಡಿಯಲ್ಲಿ ಕಾಳು ಅಳೆಯುವವರು
ಒಂದು ಅನ್ನುವುದಿಲ್ಲ.
ಮೊದಲ ಸೇರಿಗೆ ಲಾಭ, ಆಮೇಲೆ ಎರಡು, ಮೂರು.
ಇಪ್ಪತ್ತಾರು ವರ್ಷ ಗುಮಾಸ್ತನಾಗಿ ಕೇಳಿದ್ದನ್ನು
ಏಪ್ರಿಲ್ ರಜೆಯಲ್ಲಿ ಮಗಳಿಗೆ ಹೇಳಿಕೊಟ್ಟೆ.

ಶಿವಲೀಲಾ, ಪಕ್ಕದ ಮನೆ ಮುಬಾರಕ್, ಗೇಣುದ್ದದ ಕೊಟ್ರೇಶಿ.
ಇಸ್ತ್ರಿ ಮೇಜು ಬೇವಿನಡಿಗೆ ಬಂತು.
ರಟ್ಟಿನ ಮೇಲೆ ಮುಬಾರಕನ ದುಂಡಕ್ಷರ:
ನಿಂಬೆ ಶರಬತ್ತು, ಗ್ಲಾಸಿಗೆ ಹತ್ತು.
"ಸಕ್ಕರೆ ಮನೇದೇ ಅಲ್ವಾ, ಪುಕ್ಕಟೆ" ಅಂದಳು.
ಅಡುಗೆಮನೆಯೂ ಒಂದು ಅಂಗಡಿನೇ ಮಗಳೇ,
ಅಮ್ಮನ ಹೆಸರಲ್ಲಿ ಇಪ್ಪತ್ತೆರಡು ಬರಿ, ಅಂದೆ.
ಒಳಗಿಂದ ಅವಳಮ್ಮ:
"ಹಂಗಾದ್ರೆ ನಿಮ್ಮ ಖಾತೇನೂ ತೆಗೀಲೇನ್ರೀ?"

"ಲಾಭ!" ಅಂತ ಕೂಗಿ ಮೊದಲ ಗ್ಲಾಸು ತುಂಬಿದಳು.
ಕೆಂಪು ಟವೆಲಿನ ಹಮಾಲ. ಒಂದೇ ಉಸಿರಿಗೆ ಕುಡಿದ,
ಅಂಗಿ ಜೇಬು ತಡವಿದ, ಚಡ್ಡಿ ಜೇಬು ತಡವಿದ.
"ನಾಳೆ ಕೊಡ್ತೀನವ್ವಾ."
ಲಾರಿ ಹಾರನ್ ಹೊಡೆಯಿತು. ಹೋದ.
ಹೆಸರು ಕೇಳಿರಲಿಲ್ಲ.
ಹಾಳೆಯಲ್ಲಿ ಬರೆದಳು: ಕೆಂಪು ಟವೆಲ್, ೧೦.

ಸಂಜೆ ಲೆಕ್ಕ.
ನಿಂಬೆ, ಸಕ್ಕರೆ, ಐಸು, ಪೇಪರ್ ಲೋಟ: ನೂರಿಪ್ಪತ್ತು.
ಡಬ್ಬಿಯಲ್ಲಿ ನೂರಾಹತ್ತು.
ಕೊಟ್ರೇಶಿ ತಾನೇ ಕುಡಿದದ್ದು ಎರಡು ಗ್ಲಾಸು,
ಅದು ನಷ್ಟವೋ ಸಂಬಳವೋ
ಎಂದು ಮೂವರೂ ಜಗಳಾಡಿ ಮಲಗಿದರು.

ಮರುದಿನ ಮುಬಾರಕ್ ಅಂದ:
"ಇಲ್ಲಿ ನೆರಳೈತೆ. ನೆರಳಲ್ಲಿ ಯಾರಿಗೆ ದಾಹ?"
ಮೇಜು ಹೊತ್ತು ಮಂಡಕ್ಕಿ ಭಟ್ಟಿಯ ಎದುರಿಗೆ ನಡೆದರು.
ದಾವಣಗೆರೆಯ ಬಿಸಿಲಿಗೆ ಅಲ್ಲಿ ಇನ್ನೊಂದು ಬಿಸಿಲು,
ಸುಡುಮರಳಲ್ಲಿ ಅಕ್ಕಿ ಹಿಗ್ಗುವ ಸದ್ದು.
ಮೈಯೆಲ್ಲ ಬೂದಿಯ ಹೆಂಗಸೊಬ್ಬಳು
ಗುಟುಕು ಕುಡಿದು ಮುಖ ಸಿಂಡರಿಸಿದಳು.
"ಸಕ್ಕರೆ ಯಾರಿಗ್ ಬೇಕು ಕೂಸೇ? ಉಪ್ಪು ಹಾಕು.
ಬೆವರಾಗಿ ಹೋದದ್ದನ್ನ ವಾಪಸ್ ಕೊಡು."

ಉಪ್ಪು ಹಾಕಿದರು.
ಅಮ್ಮನ ಖಾತೆ ಅರ್ಧಕ್ಕಿಳಿಯಿತು.
ಮೂವತ್ತೆಂಟು ರೂಪಾಯಿ ಉಳಿಯಿತು,
ಅದನ್ನು ಮೂರರಿಂದ ಭಾಗಿಸಲು ಹೋಗಿ
ಶೇಷವೆಂದರೇನು ಎಂದು ಕೊಟ್ರೇಶಿಗೆ ತಿಳಿಯಿತು.
(ಎರಡು ರೂಪಾಯಿ. ಅವನೇ ಇಟ್ಟುಕೊಂಡ.)

ಕೆಂಪು ಟವೆಲ್ ಬರಲಿಲ್ಲ.
ಪ್ರತಿ ಹಾಳೆಯ ನೆತ್ತಿಯಲ್ಲಿ
ಓರೆ ಗೆರೆ ಎಳೆದು ಬರೆಯುತ್ತಾಳೆ: ಹಿಂದಿನ ಬಾಕಿ, ೧೦.
ಹೊಡೆದುಹಾಕು, ಅಂದೆ, ಮಂಡಿಯಲ್ಲಿ ಹಾಗೇ ಮಾಡ್ತೀವಿ.
ತಲೆ ಎತ್ತಲಿಲ್ಲ.
"ಅದೇ ಮೊದಲನೇ ಗ್ಲಾಸು ಅಪ್ಪಾಜಿ.
ನೀನೇ ಅದಕ್ಕೆ ಲಾಭ ಅನ್ನು ಅಂದಿದ್ದು."

ನನ್ನ ಜೇಬಿನ ಹತ್ತನ್ನೇ ಕೊಟ್ಟು
ಅವನು ಕೊಟ್ಟ ಅನ್ನಬಹುದಿತ್ತು.
ಎಷ್ಟೋ ಸುಳ್ಳು ಲೆಕ್ಕ ಬರೆದ ಕೈ,
ಇದನ್ನು ಬರೆಯಲು ಏಳಲಿಲ್ಲ.

ಈಗ ಮಂಡಿಪೇಟೆಯಲ್ಲಿ ಚೀಲ ಇಳಿಯುವಾಗ
ಚೀಟಿ ಬಿಟ್ಟು ಹೆಗಲು ನೋಡುತ್ತೇನೆ.
ಬಿಸಿಲಿಗೆ ಎಲ್ಲರ ಟವೆಲೂ
ಸ್ವಲ್ಪ ಸ್ವಲ್ಪ ಕೆಂಪಗೇ ಕಾಣುತ್ತದೆ.