ಇದು ಬಿಲ್ ಅಲ್ಲ

ಮೊದಲು ಬರುವ ಕಾಗದದ ನೆತ್ತಿಯ ಮೇಲೆ
ದಪ್ಪಕ್ಷರದಲ್ಲಿ ಬರೆದಿರುತ್ತದೆ: ಇದು ಬಿಲ್ ಅಲ್ಲ.
ಬಿಲ್ ಆಮೇಲೆ ಬರುತ್ತದೆ, ಬೇರೆ ಲಕೋಟೆಯಲ್ಲಿ.
ಲಕೋಟೆಗೊಂದು ಕಿಟಕಿ, ಕಿಟಕಿಯಲ್ಲಿ ಒನ್ನಿಯ ಹೆಸರು,
ಯಾರೋ ಒಳಗೆ ಕೂತು ಹೊರಗೆ ನೋಡುತ್ತಿರುವ ಹಾಗೆ.
(ಒನ್ನಿ ಅಂದರೆ ಅದೃಷ್ಟ, ನಮ್ಮ ಅಜ್ಜಂದಿರ ಮಾತಿನಲ್ಲಿ.)

ಎಂಬತ್ತು ಪಾಲು ಸರಕಾರದ್ದು, ಇಪ್ಪತ್ತು ನಮ್ಮದು.
ಲೆಕ್ಕ ಸರಿಯಾಗಿಯೇ ಇದೆ, ಯಾರನ್ನೂ ಬಯ್ಯುವ ಹಾಗಿಲ್ಲ.
ಎದೆಯೊಳಗೆ ಸ್ಟೆಂಟ್ ತೂರಿಸಿದ್ದರಲ್ಲಿ
ಇಪ್ಪತ್ತು ಪಾಲು ಎಂದರೆ ಎಷ್ಟು ಅಂತ
ಯಾರೂ ಮೊದಲೇ ಹೇಳಿರಲಿಲ್ಲ, ಅಷ್ಟೇ.
ಕಿವಿ, ಹಲ್ಲು, ಕನ್ನಡಕ ಇವೆಲ್ಲ ಲೆಕ್ಕದಾಚೆ;
ಅರವತ್ತೈದು ದಾಟಿದವರಿಗೆ ಅವು ಶೋಕಿ ಇರಬೇಕು.

ಮೂವತ್ತೊಂದು ವರ್ಷ ಡುಲೂತ್ ಬಂದರಿನ ಅದಿರುಕಟ್ಟೆಯಲ್ಲಿ
ಹಡಗಿನ ಹೊಟ್ಟೆಗೆ ಕಬ್ಬಿಣದ ಗುಂಡು ಸುರಿಯುವ ಸದ್ದು
ಅವನ ಕಿವಿಯನ್ನು ಚೂರುಚೂರೇ ತಿಂದು ಹಾಕಿತು.
"ನೂರಕ್ಕೆ ಎಂಬತ್ತು ಹೋಗಿದೆ" ಅಂದರು ಕಿವಿಯ ಡಾಕ್ಟರು.
ಸರಿ, ಇಲ್ಲೂ ನಮ್ಮದು ಇಪ್ಪತ್ತೇ, ಅಂದೆ. ಅವರು ನಗಲಿಲ್ಲ.
ಕಿವಿಯಂತ್ರದ ಜೋಡಿಗೆ ನಾಲ್ಕು ಸಾವಿರದ ಇನ್ನೂರು ಡಾಲರು.
ಒಂದೇ ಕೊಡ್ತೀರಾ? ಅಂದೆ,
ಒಂಟಿಕಾಲಿನವರು ಬೂಟಿನಂಗಡಿಯಲ್ಲಿ ಕೇಳುವ ಹಾಗೆ.

ಮಂಗಳವಾರ ಔಷಧದಂಗಡಿ. ನಮ್ಮ ಹಿಂದೆ ಆರು ಜನ.
ಹೊಸ ಮಾತ್ರೆ, ರಕ್ತ ಹೆಪ್ಪುಗಟ್ಟದಿರಲು.
ಕೌಂಟರಿನ ಹುಡುಗಿ, ಎದೆಯ ಚೀಟಿಯಲ್ಲಿ ಮೈಕಿಯಾ ಅಂತಿತ್ತು,
ಪರದೆ ನೋಡಿದಳು, ನನ್ನ ಮುಖ ನೋಡಿದಳು,
ದನಿ ತಗ್ಗಿಸಿ ಹೇಳಿದಳು.
"ಎಷ್ಟು?" ಅಂದ ಒನ್ನಿ, ಅದಿರುಕಟ್ಟೆಯ ಗಂಟಲಲ್ಲಿ.
ಮತ್ತೆ ಹೇಳಿದಳು.
"ಎಷ್ಟಮ್ಮಾ?"
ಮೂರನೆಯ ಸಲ ಅವಳು ಕೂಗಲೇಬೇಕಾಯಿತು:
ನಾನೂರ ಹನ್ನೆರಡು!
ಸಾಲು ಸಾಲೇ ನೆಲ ನೋಡಿತು.
ಕೆಮ್ಮಿನ ಸಿರಪ್ಪು ಹಿಡಿದ ಹುಡುಗನೊಬ್ಬ
ಬಾಟಲಿಯ ಬೆನ್ನು ಓದತೊಡಗಿದ.
ಒನ್ನಿ ಪೊಟ್ಟಣವನ್ನು ಮೆಲ್ಲಗೆ ಅವಳತ್ತ ತಳ್ಳಿದ,
ಅಳತೆಗೆ ಸಾಲದ ಮೀನನ್ನು ನೀರಿಗೆ ಬಿಡುವ ಹಾಗೆ.
"ಇರಲಿ, ಬೆಳೆಯಲಿ. ಆಮೇಲೆ ಬರ್ತೀನಿ."

ನಾನು ಕೊಟ್ಟೆ. ಚಾವಣಿಗೆಂದು ಎತ್ತಿಟ್ಟಿದ್ದು.
ಚಾವಣಿ ಇನ್ನೊಂದು ಚಳಿಗಾಲದ ಹಿಮ ಹೊರಲಿ.

ಶನಿವಾರ ಹಿತ್ತಿಲ ಸೌನಾ.
ಹತ್ತೇ ನಿಮಿಷ, ಅಂದಿದ್ದಾರೆ ಆಸ್ಪತ್ರೆಯವರು.
ಒಲೆ ಹೊತ್ತಿಸಲು ಬರ್ಚ್ ತೊಗಟೆ ಈಗ ಬೇಕಿಲ್ಲ,
'ಇದು ಬಿಲ್ ಅಲ್ಲ'ಗಳ ಕಟ್ಟೇ ಇದೆ, ಚೆನ್ನಾಗಿ ಉರಿಯುತ್ತವೆ.
ಅವನ ಪೂರ್ತಿ ಕಿವುಡಾದ ಮಗ್ಗುಲಲ್ಲಿ ಕೂತು
ಎಲ್ಲ ಹೇಳಿಕೊಂಡೆ: ಬ್ಯಾಂಕಿನಲ್ಲಿ ಉಳಿದದ್ದು,
ನನ್ನ ಮಾತ್ರೆಯನ್ನು ಬ್ರೆಡ್ಡಿನ ಚಾಕುವಿನಲ್ಲಿ
ದಿನಾ ಎರಡು ಮಾಡುತ್ತಿರುವುದು,
ಹಲಗೆಯ ಮೇಲಿನ ಪುಡಿಯನ್ನೂ ಬೆರಳಿಗೆ ಹಚ್ಚಿ ನೆಕ್ಕುವುದು.
ಕಾದ ಕಲ್ಲಿನ ಮೇಲೆ ನೀರು ಚುಂಯ್ ಅಂದಿತು.
"ಹೌದು, ಬಿಸಿ ಸಾಕು" ಅಂದ ಒನ್ನಿ.

ಆಗ ದೂರ, ಎತ್ತುಸೇತುವೆಯ ಬಳಿ, ಹಡಗೊಂದು ಕೂಗಿತು.
ಅವನು ಅಂಗೈಯನ್ನು ಹಲಗೆಗೆ ಒತ್ತಿಹಿಡಿದ.
"ತುಂಬಿಸಿಕೊಂಡು ಹೋಗ್ತಿದೆ" ಅಂದ,
"ಖಾಲಿ ಹಡಗಿನ ನಡುಕವೇ ಬೇರೆ."

ಸ್ವಲ್ಪ ಹೊತ್ತು ಬಿಟ್ಟು, ಕೈಯನ್ನು ಅಲ್ಲಿಂದ ತೆಗೆಯದೆ,
"ದಿನಾ ಬೆಳಿಗ್ಗೆ ಏಳಕ್ಕೆ
ನಮ್ಮ ಅಡುಗೆಮನೆಯ ಮೇಜು ಒಂದೇ ಸಲ ಅದುರುತ್ತೆ, ಐಲಿ.
ಏನದು?"