ಹದಿನಾಲ್ಕು ಮಿಲಿಮೀಟರ್

ಕೊರಟಗೆರೆ ಬಸ್ಸಿಳಿದ ಕದರಪ್ಪನ ಚೀಲದಲ್ಲಿ
ಬುತ್ತಿಯ ಮೇಲೆ ತಂಗಡಿ ಸೊಪ್ಪು.
ತೊಳೆದು, ನೆರಳಿಗೆ ಒಣಹಾಕಿ, ಅರೆದು, ಕುದಿಸಿ, ಸೋಸಿ
ಬೆಳ್ಳಿ ಉಪ್ಪಿನ ನೀರಿಗೆ ಹನಿಹನಿ ಬಿಡುತ್ತೇನೆ.
ಮೊದಲು ಏನೂ ಇಲ್ಲ.
ಆಮೇಲೆ ನಿಂಬೆ ಬಣ್ಣ, ಆಮೇಲೆ ಜೇನು,
ಮಧ್ಯಾಹ್ನಕ್ಕೆ ಕ್ಯಾತ್ಸಂದ್ರದ ಹೋಟೆಲಿನ ಡಿಕಾಕ್ಷನ್ನು.
'ಆಯ್ತಾ ಮೇಡಂ?'
ಆಯ್ತು ಅನ್ನುವುದಕ್ಕೆ ತುಮಕೂರಲ್ಲಿ ನಮಗೆ ಕಣ್ಣಿಲ್ಲ.

ಕಣ್ಣಿರುವುದು ಬೆಂಗಳೂರಲ್ಲಿ. ಗಂಟೆಗಿಷ್ಟು ಬಾಡಿಗೆ,
ಸರದಿ ಒಂಬತ್ತು ವಾರ.
ಥರ್ಮಾಕೋಲ್ ಡಬ್ಬಿಗೆ ಐಸು ತುಂಬಿ
ಪ್ಯಾಸೆಂಜರ್ ರೈಲಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ.
ಪಕ್ಕದ ಹೆಂಗಸು ಕೇಳಿದಳು: ಮೀನಾ?

ಚಿತ್ರ ಬಂತು. ಬೂದು ನೆಲದ ಮೇಲೆ ಚೆಲ್ಲಿದ ರಾಗಿ.
ಒಂದೊಂದು ಕಾಳೂ ಇಪ್ಪತ್ತು ನ್ಯಾನೋಮೀಟರ್;
ಕೂದಲೆಳೆಯ ಅಗಲಕ್ಕೆ ನಾಲ್ಕು ಸಾವಿರ ಕೂತಾವು.
ಕದರಪ್ಪನಿಗೆ ತೋರಿಸಿದೆ. 'ಜೊಳ್ಳೆಷ್ಟು?' ಅಂದ.
ಪರೀಕ್ಷಕರು ಯಾರೂ ಕೇಳಿರಲಿಲ್ಲ ಅದನ್ನು.

ಇದೆ, ಜೊಳ್ಳಿದೆ.
ನಾವು ಬೆಳ್ಳಿಗೆ ಬೆರೆಸದ ಸೊಪ್ಪು ಜಿಲ್ಲೆಯಲ್ಲಿ ಉಳಿದಿಲ್ಲ:
ಹೊಂಗೆ, ಲಕ್ಕಿ, ತುಂಬೆ, ಕೊನೆಗೆ ಲಂಟಾನ.
ಒಂದೊಂದಕ್ಕೂ ಒಂದು ಪ್ರಬಂಧ, ಒಂದು ಶಾಲು,
ಎಲ್ಲದರ ಕೊನೆಗೂ ಅದೇ ಸಾಲು,
'ಹೆಚ್ಚಿನ ಅಧ್ಯಯನ ಅಗತ್ಯ.'
ಆ ಹೆಚ್ಚಿನದ್ದಕ್ಕೆ ಇಲಿಮನೆ ಬೇಕು. ಅರ್ಜಿ
ಈಗ ಮೂರನೇ ಕುಲಪತಿಯ ಮೇಜಿನಲ್ಲಿದೆ.

ಮೊನ್ನೆ ತಟ್ಟೆಯಲ್ಲಿ
ರೋಗಾಣು ಹಾಲಿನ ಕೆನೆಯಂತೆ ಹಬ್ಬಿತ್ತು,
ಬೆಳ್ಳಿ ಬಿದ್ದ ಕಡೆ ಮಾತ್ರ ತಿಳಿಯಾದ ಒಂದು ಬಳೆ.
ಸ್ಕೇಲಿಟ್ಟೆ: ಹದಿನಾಲ್ಕು ಮಿಲಿಮೀಟರ್.
ಕದರಪ್ಪ ಬಾಗಿ ನೋಡಿದ, ಬಹಳ ಹೊತ್ತು.
ಆಮೇಲೆ ಸ್ಟೂಲಿನ ಮೇಲೆ ಕೂತು ಎಡಗಾಲಿನ ಬಟ್ಟೆ ಬಿಚ್ಚಿದ.
ಹೆಬ್ಬೆರಳ ಬುಡದಲ್ಲಿ ಸಕ್ಕರೆ ಕಾಯಿಲೆಯ ಹುಣ್ಣು.
'ಇದೂ ಅಷ್ಟೇ ಅದೆ ಮೇಡಂ. ಸ್ಕೇಲ್ ಇಡಿ ಬೇಕಾರೆ.'

ಇಟ್ಟೆ. ಹದಿನಾರು.

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ,
ಅದನ್ನು ಕೊಂಕು ಮಾತೆಂದೇ ತಿಳಿದಿದ್ದೆ ಇಷ್ಟು ದಿನ.
ಇನ್ನೂ ಮದ್ದಲ್ಲ ಕದರಪ್ಪ, ಅಂದೆ.
ತಟ್ಟೆಯಲ್ಲಿ ಸತ್ತದ್ದು ಮೈಯಲ್ಲೂ ಸಾಯಬೇಕೆಂದಿಲ್ಲ,
ಮೈ ಹೊಕ್ಕ ಬೆಳ್ಳಿ ಎಲ್ಲಿ ಹೋಗಿ ಕೂರುತ್ತದೋ ನನಗೆ ಗೊತ್ತಿಲ್ಲ.
ಜಿಲ್ಲಾಸ್ಪತ್ರೆಗೆ ಚೀಟಿ ಬರೆದುಕೊಟ್ಟೆ.

'ನಮ್ಮಜ್ಜಿ ಇದೇ ಸೊಪ್ಪು ಅರೆದು ಕಟ್ಟೋಳು,
ಬೆಳ್ಳಿ ಗಿಳ್ಳಿ ಇಲ್ದೆ.' ದೂರಲ್ಲ, ಸುಮ್ಮನೆ ಅಂದದ್ದು.
ಚೀಟಿ ಜೇಬಿಗಿಟ್ಟು, ನಲ್ಲಿ ತಿರುಗಿಸಿ
ಫ್ಲಾಸ್ಕು ತೊಳೆಯತೊಡಗಿದ. ನಾನೂ ಪಕ್ಕದಲ್ಲಿ ನಿಂತೆ.
ಇಬ್ಬರ ಬೆರಳಲ್ಲೂ ಉಜ್ಜಿದರೂ ಹೋಗದ ಕಪ್ಪು,
ಯಾರಿಗೋ ವೋಟು ಹಾಕಿ ಬಂದವರ ಹಾಗೆ.