ಎಪ್ಪತ್ತೊಂದಕ್ಕೆ ಕೂದಲೆಳೆ ಕಡಿಮೆ

ಮಂಡಿಪೇಟೆಯ ಹಿಂದಿನ ಓಣಿ, ದಾದಾಪೀರ್ ರಿವೈಂಡಿಂಗ್ ವರ್ಕ್ಸ್.
ಒಳಗೆ ವಾರ್ನಿಷ್ ವಾಸನೆ, ಸುಟ್ಟ ತಾಮ್ರದ ಗುಪ್ಪೆ,
ಮತ್ತೆ ನಾನು, ಕರಿಬಸಮ್ಮ,
ಐಟಿಐ ಅರ್ಧಕ್ಕೆ ಬಿಟ್ಟವಳು.

ಮೊದಲ ದಿನ ಉಸ್ತಾದರು ಕೈಗೆ ಸ್ಕ್ರೂಡ್ರೈವರ್ ಕೊಡಲಿಲ್ಲ.
ಗೋಡೆ ಮೇಲೊಂದು ಸೀಮೆಸುಣ್ಣದ ಗೆರೆ ಎಳೆದರು.
ಗೆರೆಯ ಮೇಲೆ ವೋಲ್ಟು, ಕೆಳಗೆ ಆಂಪಿಯರ್.
"ಭಾಗಿಸಿದ್ರೆ ಓಮ್ ಬರ್ತತಿ. ಗುಣಿಸಿದ್ರೆ ವಾಟು.
ಇಷ್ಟೇ ನೋಡವ್ವ ನಮ್ಮ ಆಸ್ತಿ."
ಆಮೇಲೆ ತಾವೇ ನಕ್ಕರು:
"ಐದು ಹೊತ್ತು ನಮಾಜು ಮಾಡಿ
ದಿನಕ್ಕೆ ನೂರು ಸಲ ಓಮ್ ಅನ್ನೋನು
ಈ ಪೇಟಿಗೆ ನಾನೊಬ್ನೇ."

ಒಂದು ಮಂಗಳವಾರ ಇಸ್ತ್ರಿ ಪೆಟ್ಟಿಗೆ ಬಂತು.
ತಂದವರು ನಿಟ್ಟುವಳ್ಳಿಯ ಹಾಲೇಶಣ್ಣ,
ಕಂಕುಳಲ್ಲಿ ಕೂಸಿನ ಹಾಗೆ ಹಿಡಿದು,
ವೈರು ಕೊರಳಿಗೆ ಸುತ್ತಿಕೊಂಡು.
"ಹಗಲೊತ್ತು ಸುಡ್ತತಿ. ಸಂಜಿ ಆತು ಅಂದ್ರೆ ಸೊರಗ್ತತಿ.
ಎಲಿಮೆಂಟ್ ಹೊಸದು ಹಾಕ್ರಿ, ಎಷ್ಟಾದ್ರೂ ಆಗ್ಲಿ."

ಎಷ್ಟಾದ್ರೂ ಆಗ್ಲಿ ಅನ್ನುವವರ ಜೇಬು
ಯಾವಾಗಲೂ ತೆಳುವೇ.

ಬೆಂಚಿನ ಮೇಲಿಟ್ಟೆ. ಮುಳ್ಳು ಎದ್ದು ನಿಂತಿತು:
ಇನ್ನೂರ ಮೂವತ್ತು ವೋಲ್ಟು.
ಪಕ್ಕದ ಮೀಟರಿನಲ್ಲಿ ಮೂರೂಕಾಲು ಆಂಪಿಯರ್.
ಅಂಗೈ ಮೇಲೆ ಪೆನ್ನಿನಲ್ಲಿ ಭಾಗಿಸಿದೆ,
ಎಪ್ಪತ್ತೊಂದು ಓಮಿಗೆ ಕೂದಲೆಳೆ ಕಡಿಮೆ.
ಗುಣಿಸಿದೆ, ಏಳುನೂರ ನಲವತ್ತೇಳೂವರೆ ವಾಟು.
ತಗಡಿನ ಮೇಲೆ ಅಚ್ಚಾಗಿದ್ದದ್ದು ಏಳುನೂರೈವತ್ತು.
ಎರಡೂವರೆ ವಾಟಿನ ಸುಳ್ಳು
ಎಲ್ಲ ಕಂಪನಿಯವರೂ ಹೇಳುತ್ತಾರೆ, ಬಿಡಿ.

ಉಸ್ತಾದರು ಹೊಸ ಎಲಿಮೆಂಟನ್ನು
ಪೊಟ್ಟಣದಿಂದ ಅರ್ಧ ಹೊರಗೆಳೆದಿದ್ದರು.
ನನ್ನ ಅಂಗೈ ನೋಡಿದರು. ಮತ್ತೆ ಒಳಗೆ ತುರುಕಿದರು.
"ರೋಗ ಇಲ್ಲಿಲ್ಲ. ಅವರ ಅಂಗಡಿಗೇ ಹೋಗಿ ಬಾ."

ಸಂಜೆ ಏಳು. ಕೊನೆಯ ಕಂಬ,
ಅದರಾಚೆ ಇಳಿಬಿದ್ದ ತಂತಿ,
ತಂತಿಯ ತುದಿಗೆ ತಗಡಿನ ಅಂಗಡಿ.
ಎರಡು ವೆಲ್ಡಿಂಗ್ ಶಾಪು, ಒಂದು ಹಿಟ್ಟಿನ ಗಿರಣಿ,
ಮನೆಮನೆಯ ನೀರಿನ ಮೋಟರು
ಎಲ್ಲವೂ ಕುಡಿದು ಬಿಟ್ಟ ಎಂಜಲು ಅಲ್ಲಿಗೆ ಬರುತ್ತಿತ್ತು:
ನೂರ ಎಪ್ಪತ್ತು.

ಪೆಟ್ಟಿಗೆಯ ರೋಧ ಅದೇ.
ಓಣಿ ಬದಲಾದರೆ ಬದಲಾಗುವ ಜಾತಿಯಲ್ಲ ಅದು.
ಭಾಗಿಸಿದರೆ ಎರಡು ಪಾಯಿಂಟ್ ನಾಲ್ಕು.
ಗುಣಿಸಿದರೆ ನಾನೂರ ಎಂಟು.
ಮತ್ತೊಮ್ಮೆ ಮಾಡಿದೆ. ನಾನೂರ ಎಂಟೇ.

ಹೇಗೆ ಹೇಳಲಿ?
ವೋಲ್ಟಿನಲ್ಲಿ ನಾಲ್ಕಾಣೆ ಹೋದರೆ
ಕಾವಿನಲ್ಲಿ ಏಳಾಣೆ ಹೋಗುತ್ತದೆ ಅಂತ,
ಕಳ್ಳ ಒಬ್ಬನೇ, ಬರುವುದು ಎರಡು ಬಾಗಿಲಿಂದ ಅಂತ.

ಕಾಲರ್ ಒತ್ತುತ್ತಲೇ ಗಂಗವ್ವ ಕೇಳಿದಳು:
"ಅಂದ್ರೆ, ನನ್ನ ಕೈ ಬಲ ಕಡಿಮಿ ಆಗಿದ್ದಲ್ಲ?"

ಐದಾರು ತಿಂಗಳಿಂದ
ಗಂಡ ಅವಳಿಗೆ ಹಾಗೇ ಅನ್ನುತ್ತಿದ್ದನಂತೆ.
ಹಾಲೇಶಣ್ಣ ನೀರು ಚಿಮುಕಿಸುವ ಬಾಟಲಿಯನ್ನೇ
ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಅಲ್ಲಕ್ಕ," ಅಂದೆ, "ಲೆಕ್ಕ ಐತಿ."
ಅಂಗೈ ಚಾಚಿದೆ. ಬೆವರಿಗೆ ಅರ್ಧ ಅಂಕಿ ಕಲಸಿಹೋಗಿದ್ದವು.

ಲೈನು ಆಫೀಸಿಗೆ ಅರ್ಜಿ ಬರೆದೆವು, ಅಂಕಿ ಸಮೇತ.
ನೋಡೋಣ ಅಂದರು. ನೋಡುತ್ತಲೇ ಇದ್ದಾರೆ.
ಗಿರಣಿ ಮಲಗಿದ ಮೇಲೆ, ಹನ್ನೊಂದಕ್ಕೆ,
ಇನ್ನೂರ ಹದಿನೈದು ಬರುತ್ತದೆ,
ಪೆಟ್ಟಿಗೆ ಆರುನೂರ ಐವತ್ತು ದಾಟುತ್ತದೆ.
ಆಗ ಒತ್ತುತ್ತಾಳೆ ಗಂಗವ್ವ ಶಾಲೆ ಮಕ್ಕಳ ಯೂನಿಫಾರ್ಮು.

ಹೋದ ವಾರ ಮತ್ತೆ ಹೋಗಿದ್ದೆ.
"ಆ ಗೆರಿ ನನಗೂ ಹಾಕ್ಕೊಡು" ಅಂದಳು.
ಸೀಮೆಸುಣ್ಣ ತಂದಿರಲಿಲ್ಲ.
ಬಟ್ಟೆಗೆ ಗುರುತು ಹಾಕುವ ಶಾಯಿ ಬಾಟಲಿ ಮುಂದಿಟ್ಟಳು.
ತಗಡಿನ ಗೋಡೆಗೆ, ಮೇಲೆ ವೋಲ್ಟು, ಕೆಳಗೆ ಆಂಪಿಯರ್.

ಹಾಲೇಶಣ್ಣ ಹೊರಗೆ ಸೈಕಲ್ಲಿಗೆ ಗಂಟು ಕಟ್ಟುತ್ತಿದ್ದರು.
"ಒಗದ್ರೂ ಹೋಗಲ್ಲ ಇದು" ಅಂದಳು ಗಂಗವ್ವ,
ಅವರಿಗೆ ಕೇಳುವಷ್ಟು ಗಟ್ಟಿಯಾಗಿ.